ಕಲಿತ ಹೊಡೆತ ಹೊತ್ತಿಗೆ ಒದಗಬೇಕಾದರೆ: ಕರಾಟೆ ಕಲಿಯುವವರಿಗೆ ಮೈಯರಿವಿನ ಏಳು ಹಂತಗಳು

ಹಳದಿ ಬೆಲ್ಟ್ ದಾಟಿ ಹಸಿರಿಗೆ ಬಂದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. “ಮಾಸ್ಟರ್, ಸಾಲಲ್ಲಿ ನಿಂತು ಮಾಡುವಾಗ ಎಲ್ಲಾ ಬರುತ್ತೆ. ಎದುರಿಗೆ ಒಬ್ಬರು ಬಂದು ನಿಂತರೆ ಕೈಕಾಲೇ ಆಡಲ್ಲ.” ಹಾಗೆಂದವರು ಮನೆಗೆ ಹೋಗಿ ಇನ್ನೂ ನೂರು ಪಂಚ್ ಹೊಡೆಯುತ್ತಾರೆ. ಮುಂದಿನ ವಾರ ಕುಮಿಟೆಗೆ, ಎಂದರೆ ಎದುರಾಳಿಯೊಡನೆ ಸೆಣಸುವ ಅಭ್ಯಾಸಕ್ಕೆ, ನಿಂತಾಗ ಮತ್ತೆ ಅದೇ ಕಥೆ: ಭುಜ ಮೇಲೇರಿರುತ್ತದೆ, ಉಸಿರು ಕಟ್ಟಿರುತ್ತದೆ, ಹೊಡೆತ ಬಿದ್ದಾದ ಮೇಲೆ ಕೈ ಏಳುತ್ತದೆ.

ಇಂಥವರಿಗೆ ಶಕ್ತಿ ಕಡಿಮೆಯಿಲ್ಲ, ಶ್ರದ್ಧೆಯೂ ಕಡಿಮೆಯಿಲ್ಲ. ಅಭ್ಯಾಸದ ಕ್ರಮ ಮಾತ್ರ ತಲೆಕೆಳಗಾಗಿದೆ. ಮೊದಲು ಕೈ, ಆಮೇಲೆ ಕಣ್ಣು, ಕಾಲು ಕೊನೆಗೆ ಎಂದು ಕಲಿತಿದ್ದಾರೆ. ಮೈ ಕಲಿಯುವುದು ಬೇರೆ ದಾರಿಯಲ್ಲಿ: ಪಾದ, ಬೀಳುವಿಕೆ, ಸೊಂಟ, ಚರ್ಮದ ಸ್ಪರ್ಶ, ಅದಾದ ಮೇಲೆ ಕಣ್ಣು, ಎಲ್ಲಕ್ಕಿಂತ ಕೊನೆಗೆ ಹೊಡೆಯುವ ಕೈ. ‘ಮೈಯೆಲ್ಲ ಕಣ್ಣಾಗಿರಬೇಕು’ ಎಂದು ನಾವು ಆಡುವ ಮಾತನ್ನು ಕೇರಳದ ಕಳರಿಯವರು ತಮ್ಮ ವಿದ್ಯೆಯ ಗುರಿಯನ್ನಾಗಿಯೇ ಇಟ್ಟುಕೊಂಡಿದ್ದಾರೆ. ಅಲ್ಲಿಗೆ ತಲುಪುವ ಮೆಟ್ಟಿಲುಗಳನ್ನು ಒಂದೊಂದಾಗಿ ಹೇಳುತ್ತೇನೆ. ನಾನು ಕಲಿಸುವುದು ಕರಾಟೆ, ಹಾಗಾಗಿ ಉದಾಹರಣೆಗಳು ಅಲ್ಲಿನವು. ಬೀಳುವ ಪಾಠವನ್ನು ಮಾತ್ರ ಜೂಡೋದಿಂದ ಎರವಲು ತಂದಿದ್ದೇನೆ, ಅದನ್ನು ಅವರಷ್ಟು ಚೆನ್ನಾಗಿ ಕಲಿಸುವವರಿಲ್ಲ.

ಮೊದಲು ಇಷ್ಟನ್ನು ಹೊಂದಿಸಿಕೊಳ್ಳಿ

ಬರಿಗಾಲು, ಜಾರದ ನೆಲ, ಒಂದು ಸೀಮೆಸುಣ್ಣ, ನಿಮ್ಮದೇ ಬೆಲ್ಟ್, ಒಂದು ಕರವಸ್ತ್ರ, ಫೋನಿನ ಕ್ಯಾಮೆರಾ, ಒಂದು ನೋಟ್‌ಬುಕ್. ಬೀಳುವ ಅಭ್ಯಾಸಕ್ಕೆ ಮಾತ್ರ ಮ್ಯಾಟ್ ಬೇಕೇ ಬೇಕು. ಜೂಡೋದಲ್ಲಿ ಹಾಸುವುದು ಸುಮಾರು 4 ಸೆಂಟಿಮೀಟರ್ ದಪ್ಪದ ಗಟ್ಟಿ ಮ್ಯಾಟ್. ಯೋಗಕ್ಕೆ ಹಾಸುವ ತೆಳು ಮ್ಯಾಟ್ ಇದಕ್ಕೆ ಆಗುವುದಿಲ್ಲ. ಹಾಸಿಗೆಯೂ ಬೇಡ, ಮೆತ್ತಗಿರುವುದರಿಂದ ತಪ್ಪು ಮಾಡಿದರೂ ಗೊತ್ತಾಗುವುದಿಲ್ಲ.

ಮೊದಲ ನಾಲ್ಕು ಹಂತಗಳಲ್ಲಿ ಕೆಲವು ಕಡೆ ಪಕ್ಕದಲ್ಲಿ ಒಬ್ಬರಿದ್ದರೆ ಸಾಕು, ಐದನೇ ಹಂತದಿಂದ ಜೊತೆಗೂಡಿ ಅಭ್ಯಾಸ ಮಾಡಲು ಒಬ್ಬ ಜೊತೆಗಾರ ಬೇಕು. ನಿಮಗಿಂತ ಬಲಶಾಲಿ ಆಗಿರಬೇಕೆಂದಿಲ್ಲ, ಗೆಲ್ಲುವ ಹಟ ಇಲ್ಲದವರಾಗಿದ್ದರೆ ಸಾಕು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು, ಕಿವಿಯ ತೊಂದರೆಯಿಂದ ತಲೆ ತಿರುಗುವವರು ಕಣ್ಣು ಮುಚ್ಚಿ ಮಾಡುವ ಯಾವ ಅಭ್ಯಾಸಕ್ಕೂ ವೈದ್ಯರನ್ನು ಕೇಳಿಯೇ ಇಳಿಯಿರಿ.

ಹಂತ 1: ಪಾದಕ್ಕೆ ನೆಲದ ಪರಿಚಯ (ಎರಡು ವಾರ)

ನೆಟ್ಟಗೆ ನಿಂತು ಪಾದದ ಮೂರು ಜಾಗಗಳನ್ನು ಹುಡುಕಿ: ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ. ಭಾರವನ್ನು ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಾ ಒಂದು ಸುತ್ತು ಬನ್ನಿ. ಬಹಳ ಜನಕ್ಕೆ ಹಿಮ್ಮಡಿಯೊಂದೇ ಗೊತ್ತಿರುತ್ತದೆ. ಕುರ್ಚಿಯಲ್ಲಿ ಕೂತು, ಶೂ ಹಾಕಿಕೊಂಡು ದಿನ ಕಳೆಯುವ ಪಾದ ಉಳಿದೆರಡನ್ನು ಮರೆತಿರುತ್ತದೆ.

ಆಮೇಲೆ ಒಂಟಿಕಾಲಿನ ಮೇಲೆ ನಿಲ್ಲಿ, ಪ್ರತಿ ಕಾಲಿಗೆ 30 ಸೆಕೆಂಡ್. ಅದು ಸಲೀಸಾದ ಮೇಲೆ ಗೋಡೆಯ ಪಕ್ಕ ನಿಂತು ಕಣ್ಣು ಮುಚ್ಚಿ. ಹೊಸಬರಿಗೆ ಹತ್ತು ಸೆಕೆಂಡ್ ದಾಟುವುದೂ ಕಷ್ಟವಾಗುತ್ತದೆ, ಅದಕ್ಕೆ ಬೇಸರ ಬೇಡ. ನಮ್ಮ ಸಮತೋಲ ನಿಂತಿರುವುದು ಮೂರರ ಮೇಲೆ: ಕಣ್ಣು, ಒಳಗಿವಿ, ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿ. ಕಣ್ಣು ಮುಚ್ಚಿದ ಕೂಡಲೇ ಉಳಿದೆರಡೂ ಕೆಲಸಕ್ಕೆ ಏಳಬೇಕಾಗುತ್ತದೆ. ಆ ಏಳಿಸುವಿಕೆಯೇ ಈ ಹಂತದ ಕೆಲಸ.

ಸಾಮಾನ್ಯ ತಪ್ಪು: ಬೆರಳುಗಳಿಂದ ನೆಲವನ್ನು ಗಟ್ಟಿಯಾಗಿ ಹಿಡಿಯುವುದು, ಮಂಡಿಯನ್ನು ನೆಟ್ಟಗೆ ಲಾಕ್ ಮಾಡುವುದು. ಪಾದ ಸಣ್ಣಗೆ ಅಲುಗುತ್ತಿರಲಿ ಬಿಡಿ. ಆ ನಡುಕ ಮೈ ಲೆಕ್ಕ ಹಾಕುತ್ತಿರುವ ಗುರುತು.

ಹಂತ 2: ಬೀಳಲು ಕಲಿಯುವುದು

ಕರಾಟೆ ಕ್ಲಾಸುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಪಾಠ ಇದು. ಬೀಳುವ ಭಯ ಇರುವ ಮೈ ಯಾವಾಗಲೂ ಬಿಗಿದುಕೊಂಡೇ ಇರುತ್ತದೆ, ಬಿಗಿದ ಮೈಗೆ ಏನೂ ತಿಳಿಯುವುದಿಲ್ಲ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಬೀಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸಂಜೆ ಹಿಂದಕ್ಕೆ ಜಾರಿ ಅಂಗೈ ಊರಿ ಬಿದ್ದೆ, ಮಣಿಕಟ್ಟು ಆರು ವಾರ ಕಟ್ಟಿನಲ್ಲಿತ್ತು. ಕೈ ವಾಸಿಯಾದ ಮೇಲೂ ತಿಂಗಳುಗಟ್ಟಲೆ, ಎದುರಿನವರು ಮುಂದೆ ಬಂದರೆ ಸಾಕು, ನನ್ನ ಹಿಂಗಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಮತ್ತೆ ಮೊದಲಿನಿಂದ ಬೀಳಬೇಕಾಯಿತು.

ಮ್ಯಾಟ್ ಮೇಲೆ ಅಂಗಾತ ಮಲಗಿಯೇ ಶುರು ಮಾಡಿ. ತಲೆ ಎತ್ತಿ ಬೆಲ್ಟಿನ ಗಂಟನ್ನು ನೋಡಿ, ಗಲ್ಲ ಎದೆಯ ಕಡೆಗಿರಲಿ. ಎರಡೂ ಕೈಗಳನ್ನು ಮೈಯಿಂದ 30ರಿಂದ 45 ಡಿಗ್ರಿ ದೂರದಲ್ಲಿ, ಅಂಗೈ ಕೆಳಗಾಗಿ, ಮುಂಗೈ ಪೂರ್ತಿ ತಾಗುವಂತೆ ನೆಲಕ್ಕೆ ಬಡಿಯಿರಿ. ಬಡಿಯುವಾಗ ಉಸಿರು ಹೊರಗೆ ಹೋಗಬೇಕು. ಇಪ್ಪತ್ತು ಸಲ. ಇದು ರೂಢಿಯಾದ ಮೇಲೆ ಕುಳಿತಲ್ಲಿಂದ ಹಿಂದಕ್ಕೆ ಉರುಳಿ. ಆಮೇಲೆ ಕುಕ್ಕರಗಾಲಿನಿಂದ. ನಿಂತಲ್ಲಿಂದ ಬೀಳುವುದು ಕೊನೆಗೆ, ಅದೂ ಗೊತ್ತಿರುವವರೊಬ್ಬರು ಪಕ್ಕದಲ್ಲಿದ್ದರೆ ಮಾತ್ರ.

ಮೂರು ತಪ್ಪುಗಳ ಮೇಲೆ ಕಣ್ಣಿಡಿ: ಅಂಗೈ ಅಥವಾ ಮೊಣಕೈ ಊರುವುದು, ತಲೆ ಹಿಂದಕ್ಕೆ ಹೋಗುವುದು, ಉಸಿರು ಹಿಡಿಯುವುದು. ತಲೆ ಒಂದು ಸಲ ನೆಲಕ್ಕೆ ತಾಗಿದರೂ ಅವತ್ತಿಗೆ ಅಭ್ಯಾಸ ಮುಗಿಯಿತು.

ಹಂತ 3: ಸೊಂಟ ಮುಂದೆ, ತಲೆ ಹಿಂದೆ

ಜೆಂಕುತ್ಸು-ದಾಚಿಯಲ್ಲಿ, ಎಂದರೆ ಮುಂದಿನ ಮಂಡಿ ಬಗ್ಗಿಸಿ ಹಿಂಗಾಲು ಚಾಚಿದ ಉದ್ದ ನಿಲುವಿನಲ್ಲಿ, ನಿಲ್ಲಿ. ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿಗೆ, ಉಳಿದದ್ದು ಹಿಂಗಾಲಿಗೆ. ಬೆಲ್ಟಿನ ಎರಡು ತುದಿಗಳನ್ನು ಹಿಂದೆ ನಿಂತವರ ಕೈಗೆ ಕೊಡಿ, ಅವರು ಹಗುರವಾಗಿ ಎಳೆದು ಹಿಡಿದಿರಲಿ. ಈಗ ಒಂದು ಹೆಜ್ಜೆ ಮುಂದಕ್ಕೆ ಹೋಗಿ. ಮೊದಲು ತಲೆ ಮುಂದೆ ವಾಲಿದರೆ ನೀವು ಹೊರಟಿದ್ದು ತಲೆಯಿಂದ. ಬೆಲ್ಟಿನ ಎಳೆತಕ್ಕೆ ಸೊಂಟವೇ ಉತ್ತರ ಕೊಡುವವರೆಗೆ ಮಾಡಿ. ಜೊತೆಗಾರರಿಲ್ಲದಿದ್ದರೆ ಕಿಟಕಿಯ ಅಡ್ಡ ಸರಳುಗಳ ಮುಂದೆ ವಿಡಿಯೊ ಮಾಡಿಕೊಳ್ಳಿ. ನಡೆಯುವಾಗ ತಲೆ ಒಂದು ಸರಳಿನಿಂದ ಮೇಲಿನ ಸರಳಿಗೆ ಏರಿತೆಂದರೆ ಮಂಡಿ ನೆಟ್ಟಗಾಗುತ್ತಿದೆ ಎಂದರ್ಥ.

ಎರಡನೇ ಅಭ್ಯಾಸ: ಒಂದು ಗ್ಯಾಕು-ಜುಕಿ (ಹಿಂಗಾಲಿನ ಬದಿಯ ಕೈಯಿಂದ ಹೊಡೆಯುವ ಪಂಚ್), ಪೂರ್ತಿ ಹತ್ತು ಸೆಕೆಂಡಿನಲ್ಲಿ. ಹಿಂಗಾಲಿನ ಹಿಮ್ಮಡಿ ನೆಲವನ್ನು ಒತ್ತುತ್ತದೆ, ಮಂಡಿ, ಸೊಂಟ, ಭುಜ, ಮೊಣಕೈ, ಕೊನೆಗೆ ಮುಷ್ಟಿ. ನಿಧಾನ ಮಾಡಿದಾಗ ಸುಳ್ಳು ಹೇಳಲಾಗದು. ವೇಗದಲ್ಲಿ ಮುಚ್ಚಿಹೋಗುವ ಎಡವಟ್ಟೆಲ್ಲ ಇಲ್ಲಿ ಕಾಣುತ್ತದೆ. ಸೊಂಟ ತಿರುಗುವ ಮೊದಲೇ ಭುಜ ಹೊರಟಿತೇ? ಮುಷ್ಟಿ ಮೊದಲ ಇಂಚಿನಿಂದಲೇ ಬಿಗಿಯಾಗಿತ್ತೇ? ದಿನಕ್ಕೆ ಪ್ರತಿ ಬದಿಗೆ ಹತ್ತು ಸಾಕು.

ಮಂಡಿ ಯಾವಾಗಲೂ ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಪಾದವನ್ನು ನೆಲದಲ್ಲಿ ನೆಟ್ಟು ಮಂಡಿಯನ್ನು ಮಾತ್ರ ತಿರುಚಿದರೆ ಒಳಗಿನ ಅಸ್ಥಿರಜ್ಜು ಹರಿಯುವ ಅಪಾಯವಿದೆ.

ಹಂತ 4: ಕಣ್ಣು ಮುಚ್ಚಿ ಕಟಾ

ಕಟಾ ಎಂದರೆ ಒಬ್ಬರೇ ಮಾಡುವ, ಗೊತ್ತಾದ ಕ್ರಮದ ಚಲನೆಗಳ ಸರಣಿ. ಹೇಯಾನ್ ಶೋದಾನ್ ಎಂಬ ಕಟಾ ಬಹಳ ಜನಕ್ಕೆ ಬರುತ್ತದೆ, 21 ಚಲನೆ, ಹೊರಟಲ್ಲಿಗೇ ಬಂದು ನಿಲ್ಲಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಕಣ್ಣು ಬಿಟ್ಟು ಒಂದು ಸಲ, ಕರವಸ್ತ್ರ ಕಟ್ಟಿ ಒಂದು ಸಲ. ನಿಂತ ಜಾಗಕ್ಕೆ ಇನ್ನೊಂದು ಗುರುತು ಹಾಕಿ ಎರಡರ ಅಂತರ ಅಳೆಯಿರಿ. ಒಂದೇ ಕಡೆಗೆ ಸರಿಯುತ್ತಿದ್ದರೆ ಆ ಬದಿಯ ಹೆಜ್ಜೆಗೂ ಇನ್ನೊಂದು ಬದಿಯದಕ್ಕೂ ಉದ್ದ ಹೊಂದುತ್ತಿಲ್ಲ. ಕೋನ ತಪ್ಪುವುದು ಹೆಚ್ಚಾಗಿ 270 ಡಿಗ್ರಿ ತಿರುವಿನಲ್ಲಿ.

ಇದನ್ನು ತಾರಸಿಯ ಮೇಲೆ ಮಾಡಲೇಬೇಡಿ. ಪ್ಯಾರಾಪೆಟ್ ಗೋಡೆ ಇದ್ದರೂ ಬೇಡ. ಸುತ್ತ ಐದಾರು ಮೀಟರ್ ಖಾಲಿ ಇರುವ ಹಾಲ್, ಕಾಯಲು ಒಬ್ಬರು, ಇಷ್ಟಿದ್ದರೆ ಮಾತ್ರ.

ವಿಡಿಯೊ ನೋಡುವುದಕ್ಕೂ ಒಂದು ಕ್ರಮವಿದೆ. ಕಟಾ ಮುಗಿದ ಕೂಡಲೇ ಫೋನ್ ಮುಟ್ಟಬೇಡಿ. ಎಲ್ಲಿ ತಪ್ಪಿತು ಅನ್ನಿಸಿತೋ ಅದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ: “ಏಳನೆಯದರಲ್ಲಿ ಎಡ ಮೊಣಕೈ ಕೆಳಗಿತ್ತು.” ಆಮೇಲೆ ವಿಡಿಯೊ. ಅನ್ನಿಸಿದ್ದಕ್ಕೂ ಕಂಡದ್ದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತಾ ಬಂದರೆ ಮೈಯರಿವು ಬೆಳೆಯುತ್ತಿದೆ. ಬರೆಯದೆ ನೇರ ವಿಡಿಯೊ ನೋಡುವವರು ಕಣ್ಣಿನಿಂದ ತಿದ್ದಿಕೊಳ್ಳುತ್ತಾರೆ, ಮೈಗೆ ಪಾಠ ತಲುಪುವುದಿಲ್ಲ. ಇಡೀ ಹೊತ್ತು ಕನ್ನಡಿಯ ಮುಂದೆ ಅಭ್ಯಾಸ ಮಾಡುವವರಿಗೂ ಇದೇ ತೊಂದರೆ.

ಹಂತ 5: ಮುಟ್ಟಿ ತಿಳಿಯುವುದು

ಇಷ್ಟು ದಿನ ನಿಮ್ಮ ಮೈ ನಿಮಗೆ ತಿಳಿಯಿತು. ಈಗ ಎದುರಿನವರ ಮೈ. ನನ್ನ ಅನುಭವದಲ್ಲಿ ಇಡೀ ಕಲಿಕೆಯ ಬಾಗಿಲು ತೆರೆಯುವುದು ಇಲ್ಲಿ, ಅದಕ್ಕೇ ಈ ಹಂತಕ್ಕೆ ಎರಡು ತಿಂಗಳು ಕೊಡಿ ಎನ್ನುತ್ತೇನೆ.

ಕಾರಣ ಸರಳ. ಕಣ್ಣಿಗೆ ಬಿದ್ದ ಸುಳಿವಿಗೆ ಕೈ ಅಲುಗಲು ಸುಮಾರು 200 ಮಿಲಿಸೆಕೆಂಡ್, ಎಂದರೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕೈಯಳತೆಯಲ್ಲಿ ನಿಂತವರ ಹೊಡೆತ ಅಷ್ಟರೊಳಗೆ ಬಂದುಬಿಡಬಹುದು. ಚರ್ಮದ ಮೂಲಕ ಬಂದ ಸುಳಿವಿಗೆ ಮೈ ಇನ್ನೂ ಬೇಗ ಓಗೊಡುತ್ತದೆ. ನಮ್ಮ ಗರಡಿ ಮನೆಗಳಲ್ಲಿ ನಿಂತು ನೋಡಿ: ಪೈಲ್ವಾನರು ಹಣೆಗೆ ಹಣೆ ಕೊಟ್ಟು, ಒಬ್ಬರ ಕತ್ತಿನ ಮೇಲೆ ಇನ್ನೊಬ್ಬರು ಕೈ ಹಾಕಿ ನಿಂತಾಗ ಅವರ ಕಣ್ಣು ಮಟ್ಟಿಯ ಮಣ್ಣನ್ನು ನೋಡುತ್ತಿರುತ್ತದೆ. ಎದುರಾಳಿ ಯಾವ ಕಾಲು ಎತ್ತುತ್ತಾನೆಂಬುದು ಅವರಿಗೆ ಅಂಗೈಯಿಂದ ಗೊತ್ತಾಗುತ್ತದೆ. ಒಕಿನಾವಾದ ಗೋಜು-ರ್ಯು ಕರಾಟೆಯಲ್ಲಿ ಇದಕ್ಕೆಂದೇ ‘ಕಾಕಿಯೆ’ ಎಂಬ ಜೋಡಿ ಅಭ್ಯಾಸವಿದೆ. ನೀವು ಯಾವ ಶೈಲಿಯವರಾದರೂ ಮಾಡಬಹುದು.

1. ಇಬ್ಬರೂ ಬಲಗಾಲು ಮುಂದಿಟ್ಟು ನಿಲ್ಲಿ. ಬಲ ಮಣಿಕಟ್ಟುಗಳ ಹೊರಬದಿ ಒಂದಕ್ಕೊಂದು ತಾಗಿರಲಿ. ಮೊಣಕೈ ಕೆಳಗೆ.

2. ಒಬ್ಬರು ನಿಧಾನವಾಗಿ ಎದುರಿನವರ ಎದೆಯ ಕಡೆಗೆ ಒತ್ತಲಿ. ಇನ್ನೊಬ್ಬರು ಬಲ ಹಾಕಿ ತಡೆಯದೆ, ಭಾರವನ್ನು ಹಿಂಗಾಲಿಗೆ ತೆಗೆದುಕೊಂಡು ಪಕ್ಕಕ್ಕೆ ತಿರುಗಿಸಿ, ಅದೇ ಕೈಯಿಂದ ಮರಳಿ ಒತ್ತಲಿ. ಗರಗಸ ಎಳೆದಂತೆ ಹೋಗಿ ಬರುತ್ತಿರಲಿ. ಎರಡು ನಿಮಿಷ, ಆಮೇಲೆ ಕೈ ಬದಲು.

3. ವಾರದ ನಂತರ ಒಬ್ಬರು ಕಣ್ಣಿಗೆ ಕರವಸ್ತ್ರ ಕಟ್ಟಿಕೊಳ್ಳಲಿ. ಕಣ್ಣು ಬಿಟ್ಟವರು ವೇಗ, ದಿಕ್ಕು ಬದಲಿಸುತ್ತಾ ಹೋಗಲಿ.

4. ಅದೂ ಹಗುರವಾದ ಮೇಲೆ ಕಣ್ಣು ಬಿಟ್ಟವರು ಆಗಾಗ ಕೈಯನ್ನು ಥಟ್ಟನೆ ಹಿಂದೆಳೆಯಲಿ. ತಾಗುತ್ತಿದ್ದದ್ದು ಇಲ್ಲವಾದ ಕ್ಷಣಕ್ಕೆ ನಿಮ್ಮ ಕೈ ನೇರ ಮುಂದಕ್ಕೆ ಹೋಗಿ ಅವರ ಎದೆಯನ್ನು ಮುಟ್ಟಬೇಕು. ಮುಟ್ಟಬೇಕು ಅಷ್ಟೇ, ಹೊಡೆಯಬಾರದು.

ನನ್ನ ತರಗತಿಗೆ ಬರುವ ಬ್ಯಾಂಕ್ ಉದ್ಯೋಗಿಯೊಬ್ಬರು ಎಂಟು ತಿಂಗಳು ಕುಮಿಟೆಯಲ್ಲಿ ಕಂಬದಂತೆ ನಿಲ್ಲುತ್ತಿದ್ದರು. ಕಟಾದಲ್ಲಿ ಅವರದು ಎತ್ತಿದ ಕೈ. ಎದುರಿಗೆ ಜನ ಬಂದರೆ ಮಾತ್ರ ಕಣ್ಣು ಎದುರಾಳಿಯ ಗ್ಲೌಸ್ ಮೇಲೆ ನೆಟ್ಟುಹೋಗುತ್ತಿತ್ತು. ಕಾಕಿಯೆಗೆ ಹಚ್ಚಿ, ನಾಲ್ಕನೇ ವಾರ ಕಣ್ಣು ಕಟ್ಟಿಸಿದೆ. ಮೂರನೇ ಸಂಜೆ ಜೊತೆಗಾರ ಕೈ ಹಿಂದೆಳೆದ. ಇವರ ಅಂಗೈ ಹೋಗಿ ಅವನ ಎದೆಯ ಮೇಲೆ ಎಲೆ ಬಿದ್ದಂತೆ ಕೂತಿತು. ಕರವಸ್ತ್ರ ತೆಗೆದು ತಮ್ಮ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. “ನಾನು ಕಳಿಸಲಿಲ್ಲ ಮಾಸ್ಟರ್, ಅದೇ ಹೋಯಿತು” ಎಂದರು. ಅದೇ ಹೋಗುವುದಕ್ಕಾಗಿಯೇ ಇಷ್ಟೆಲ್ಲ.

ಇಲ್ಲಿ ಅಭ್ಯಾಸ ಕೆಡುವುದು ಬಲದಿಂದ. ಇಬ್ಬರಲ್ಲಿ ಒಬ್ಬರು ಗೆಲ್ಲಲು ಹೊರಟರೆ ಅದು ತೋಳ್ಬಲದ ಪಂದ್ಯವಾಗುತ್ತದೆ, ಬಿಗಿದ ತೋಳು ಕಿವುಡಾಗುತ್ತದೆ. ಭುಜ ಕಿವಿಯ ಹತ್ತಿರ ಬಂದಿದ್ದರೆ, ಮುಂಗೈ ಉರಿಯುತ್ತಿದ್ದರೆ, ಯಾರಾದರೂ ಹಲ್ಲು ಕಚ್ಚಿದ್ದರೆ ನಿಲ್ಲಿಸಿ, ಕೈ ಕೊಡವಿ, ಅರ್ಧ ಬಲದಲ್ಲಿ ಮತ್ತೆ ಶುರು ಮಾಡಿ. ಮಾತನಾಡುತ್ತಾ ಮಾಡುವುದೂ ಬೇಡ.

ಹಂತ 6: ದೂರವನ್ನು ಕಾಲಿನಿಂದ ಅಳೆಯುವುದು

ಬೆಲ್ಟನ್ನು ಮಡಚಿ ಸುಮಾರು ಒಂದೂವರೆ ಮೀಟರ್ ಉದ್ದ ಮಾಡಿಕೊಳ್ಳಿ. ಒಂದೊಂದು ತುದಿಯನ್ನು ಒಬ್ಬೊಬ್ಬರು ಸೊಂಟದ ಬಳಿ ಹಿಡಿಯಿರಿ. ಒಬ್ಬರು ಹಿಂದೆ, ಮುಂದೆ, ಪಕ್ಕಕ್ಕೆ ಸರಿಯುತ್ತಾ ಹೋಗಲಿ. ಹಿಂಬಾಲಿಸುವವರ ಕೆಲಸ ಒಂದೇ: ಬೆಲ್ಟ್ ನೆಲಕ್ಕೂ ತಾಗಬಾರದು, ಬಿಗಿಯೂ ಆಗಬಾರದು. ಜಪಾನಿಗಳು ‘ಮಾಆಯಿ’ ಎನ್ನುವ ಅಂತರದ ಅರಿವು ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಈ ಬೆಲ್ಟಿನಿಂದ ಬರುತ್ತದೆ.

ಮುಂದಿನದು ಭುಜ ಮುಟ್ಟುವ ಆಟ. ಬೆಲ್ಟ್ ಬಿಟ್ಟು, ತೆರೆದ ಅಂಗೈಯಿಂದ ಎದುರಿನವರ ಭುಜ ಅಥವಾ ಮಂಡಿ ಮುಟ್ಟಲು ಇಬ್ಬರೂ ಪ್ರಯತ್ನಿಸಿ. ಕೈಯಿಂದ ತಡೆಯುವಂತಿಲ್ಲ, ಕಾಲಿನಿಂದಲೇ ತಪ್ಪಿಸಿಕೊಳ್ಳಬೇಕು. ಒಂದು ನಿಮಿಷದ ಸುತ್ತು, ದಿನಕ್ಕೆ ಐದು. ತಲೆಗೆ ತಲೆ ಬಡಿಯದಂತೆ ಬಗ್ಗುವಾಗ ಎಚ್ಚರ.

ಕಣ್ಣನ್ನು ಎಲ್ಲಿಡಬೇಕೆಂದು ಎಲ್ಲರೂ ಕೇಳುತ್ತಾರೆ. ಮುಷ್ಟಿಯ ಮೇಲೆ ಬೇಡ, ಅದು ಹೊರಡುವಾಗ ಕಾಲ ಮೀರಿರುತ್ತದೆ. ಕೊರಳೆಲುಬಿನ ಕೆಳಗೆ, ಎದೆಯ ನಡುವೆ ಹಗುರವಾಗಿ ಇಡಿ. ಮುಷ್ಟಿಗಿಂತ ಮೊದಲು ಭುಜ ಅಲುಗುತ್ತದೆ. ಒದೆಯುವ ಮೊದಲು ಭಾರ ಇನ್ನೊಂದು ಕಾಲಿಗೆ ಸಾಗಲೇಬೇಕು, ಆಗ ಸೊಂಟ ಒಂದು ಬದಿಗೆ ವಾಲುತ್ತದೆ. ಅನುಭವಿಗಳು ಮಿಂಚಿನಂತೆ ಕಾಣುವುದು ಕೈವೇಗದಿಂದಲ್ಲ, ಸುಳಿವನ್ನು ಮೊದಲೇ ಓದುವುದರಿಂದ.

ಹಂತ 7: ಒಂದೇ ಹೊಡೆತ, ಒಂದೇ ಉತ್ತರ, ಆಮೇಲೆ ಎರಡು

ಎದುರಿಗೆ ಏನಾದರೂ ಹಾರಿಬಂದರೆ ಯಾರೂ ಕಲಿಸದೆ ಮೈ ಒಂದು ಕೆಲಸ ಮಾಡುತ್ತದೆ: ಕಣ್ಣು ಮಿಟುಕುತ್ತದೆ, ಭುಜ ಏರುತ್ತದೆ, ಕೈಗಳು ಮುಖದ ಮುಂದೆ ಬರುತ್ತವೆ. ಇದನ್ನು ಹೇಡಿತನವೆಂದು ಬೈದು ಅಳಿಸಲು ಹೋಗಬೇಡಿ, ಅಳಿಯುವುದಿಲ್ಲ. ಹುಟ್ಟಿನಿಂದ ಬಂದ ಆ ಬೆಚ್ಚುವಿಕೆಯ ಮೇಲೆಯೇ ಕಟ್ಟಬೇಕು. ಕೈ ಹೇಗೂ ಮೇಲೆ ಬರುತ್ತದೆ, ಬಂದ ಕೈ ಅಗೆ-ಉಕೆಯ (ಮುಂಗೈಯನ್ನು ಮೇಲಕ್ಕೆತ್ತಿ ತಡೆಯುವ ತಡೆ) ದಾರಿಯಲ್ಲಿ ಬರಲಿ, ಜೊತೆಗೆ ಹೆಜ್ಜೆಯೊಂದು ಓರೆಯಾಗಿ ಮುಂದೆ ಹೋಗಲಿ. ಜೊತೆಗಾರರು ಮೃದುವಾದ ಪ್ಯಾಡ್ ಅಥವಾ ಸುತ್ತಿದ ಟವೆಲನ್ನು ಮುಖದ ಕಡೆ ತರುತ್ತಾ ಇದನ್ನು ಮಾಡಿಸಬಹುದು.

ಆಯ್ಕೆಗಳ ಲೆಕ್ಕವೂ ಮುಖ್ಯ. ಆರಿಸಿಕೊಳ್ಳಬೇಕಾದವು ಹೆಚ್ಚಾದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆ ಎಂದು ಹಿಕ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1952ರಲ್ಲಿ ಅಳೆದು ತೋರಿಸಿದ. ಹನ್ನೆರಡು ತಡೆ ಕಲಿತವರು ಒಂದು ಹೊಡೆತಕ್ಕೆ ನಿಂತುಬಿಡುವುದು ಇದರಿಂದಲೇ. ಹಾಗಾಗಿ ಮೊದಲ ವಾರ ಒಂದೇ ದಾಳಿ, ಗೊತ್ತಿರುವ ಬದಿಯಿಂದ, ಒಂದೇ ಉತ್ತರ. ಎರಡನೇ ವಾರ ಅದೇ ದಾಳಿ, ಯಾವಾಗ ಬರುತ್ತದೆಂದು ಹೇಳದೆ. ಮೂರನೇ ವಾರ ಎಡ ಅಥವಾ ಬಲ. ನಾಲ್ಕನೆಯದರಲ್ಲಿ ಕೈ ಅಥವಾ ಕಾಲು. ವೇಗ ಮೂರರಲ್ಲೊಂದು ಪಾಲಿನಿಂದ ಶುರುವಾಗಿ ನಿಧಾನಕ್ಕೆ ಏರಲಿ. ಬಾಯಿಗೆ ಗಾರ್ಡ್, ಕೈಗೆ ಪ್ಯಾಡ್ ಇಲ್ಲದೆ ಅರ್ಧ ವೇಗ ದಾಟಬೇಡಿ.

ಆ ನಾಲ್ಕು ವಾರ ಕಳೆದ ಮೇಲೆ ಕಲಸಿ ಮಾಡಿ. ಒಂದೇ ದಾಳಿಯನ್ನು ಐವತ್ತು ಸಲ ಮಾಡಿ ಮುಂದಿನದಕ್ಕೆ ಹೋದರೆ ಅವತ್ತು ಚೆನ್ನಾಗಿ ಬಂದಂತೆ ಕಾಣುತ್ತದೆ. ಕ್ರಮ ಕಲಸಿ ಮಾಡಿದರೆ ಅವತ್ತು ಎಡವುತ್ತೀರಿ, ಆದರೆ ಆಮೇಲೆ ನಿಲ್ಲುವುದು ಅದೇ. 1979ರಲ್ಲಿ ಷೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಕಲಿಕೆಯಲ್ಲಿ ಇದನ್ನೇ ಕಂಡರು. ಕ್ಲಾಸಿನಲ್ಲಿ ಎಡವಿದ್ದಕ್ಕೆ ಹತಾಶರಾಗುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ವಾರಕ್ಕೆ ಎಷ್ಟು, ಯಾವಾಗ

ಕ್ಲಾಸ್ ಅಲ್ಲದೆ ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಒಂದೇ ಸಲ ಎರಡು ಗಂಟೆ ಮಾಡುವುದರಿಂದ ಈ ಕೆಲಸ ಆಗುವುದಿಲ್ಲ. ದಣಿದ ಮೈ ಸೂಕ್ಷ್ಮವನ್ನು ಕಲಿಯದು, ಹಾಗಾಗಿ ಬಸ್ಕಿ, ದಂಡಗಳಿಗಿಂತ ಮೊದಲು ಇದನ್ನು ಮುಗಿಸಿ. ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು, ಅದನ್ನು ಕದಿಯಬೇಡಿ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ತಲೆಗೆ ಪೆಟ್ಟಾದ ಮೇಲೆ ತಲೆನೋವು, ವಾಕರಿಕೆ, ಮಂಕು, ಬೆಳಕು ಚುಚ್ಚುವುದು, ನಡಿಗೆ ತಪ್ಪುವುದು ಇವುಗಳಲ್ಲಿ ಒಂದಿದ್ದರೂ ಅಭ್ಯಾಸ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಅವರು ಸರಿ ಎನ್ನುವವರೆಗೆ ಕುಮಿಟೆ ಇಲ್ಲ. ಮಂಡಿಯಲ್ಲಿ ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ತೋರಿಸಿ. ಕುತ್ತಿಗೆ ಉಳುಕಿದ ಮೇಲೆ ಕೈಗೆ ಜೋಮು ಹಿಡಿದರೂ ಹಾಗೆಯೇ. ಸ್ನಾಯು ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಕೀಲಿನೊಳಗಿನ ಚುಚ್ಚುನೋವು ದಿನೇ ದಿನೇ ಏರುತ್ತದೆ. ಎರಡನ್ನು ಬೇರೆ ಮಾಡಿ ತಿಳಿಯುವುದೂ ಮೈಯರಿವೇ.

ಎಲ್ಲಿ ಸಿಕ್ಕಿಕೊಂಡರೆ ಎಲ್ಲಿಗೆ ಮರಳಬೇಕು

ಕುಮಿಟೆ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ಮೈಯಲ್ಲಿ ಎಲ್ಲಿ ಬಿಗಿಯಿತು, ಯಾವ ಕ್ಷಣದಲ್ಲಿ. ಹಿಂದೆ ಸರಿಯುವಾಗ ತಡವರಿಸಿದ್ದರೆ ಒಂದು ಮತ್ತು ಎರಡನೇ ಹಂತಕ್ಕೆ ಮರಳಿ. ಹೊಡೆಯುವಾಗ ಮುಂದಕ್ಕೆ ಮುಗ್ಗರಿಸುತ್ತಿದ್ದರೆ ಮೂರನೆಯದಕ್ಕೆ. ಕೈ ಕೈ ಸೇರಿದಾಗ ಮೈ ಕಲ್ಲಾಗುತ್ತಿದ್ದರೆ ಐದಕ್ಕೆ. ಹೊಡೆತ ಯಾವಾಗಲೂ ಒಂದು ಗೇಣು ಕಡಿಮೆ ಬೀಳುತ್ತಿದ್ದರೆ ಆರಕ್ಕೆ. ಕಪ್ಪು ಬೆಲ್ಟ್ ಕಟ್ಟಿದವರನ್ನೂ ನಾನು ವರ್ಷಕ್ಕೊಮ್ಮೆ ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ಕಣ್ಣು ಮುಚ್ಚಿ ನಿಲ್ಲಿಸುತ್ತೇನೆ, ಗಡಿಯಾರ ನನ್ನ ಕೈಯಲ್ಲಿರುತ್ತದೆ.